ಹಾಡು ಕಟ್ಟುವವರಿಗೆ ಏನು ವಿಷಯ ಕೊಡೋಣ?

ಆನ್‌ಲೈನ್ ಸಂಗೀತ ರಚನಾ ಸ್ಪರ್ಧೆ ನಡೆಸಲು ಹೊರಟವರು ಬಹುಮಾನದ ಮೊತ್ತ, ತೀರ್ಪುಗಾರರ ಹೆಸರು, ಪೋಸ್ಟರಿನ ಬಣ್ಣ ಇವಕ್ಕೆಲ್ಲ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ವಿಷಯ ಮಾತ್ರ ಕೊನೆಯ ಸಂಜೆ ಐದೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ‘ಪರಿಸರ ಉಳಿಸಿ’, ‘ನಾಡು-ನುಡಿ’, ‘ತಾಯಿಯ ಮಮತೆ’. ಭಾಷಣಕ್ಕೆ, ಪ್ರಬಂಧಕ್ಕೆ, ಭಿತ್ತಿಚಿತ್ರಕ್ಕೆ ಇವು ಒಪ್ಪುತ್ತವೆ. ರಾಗ ಹಾಕಬೇಕಾದವರಿಗೆ ಇವುಗಳಿಂದ ಏನೂ ಸಿಗುವುದಿಲ್ಲ. ಯಾವ ಲಯ, ಯಾವ ವಾದ್ಯ, ಎಷ್ಟು ಸ್ವರ, ಎಲ್ಲಿ ಮೌನ ಎಂಬ ಪ್ರಶ್ನೆಗಳಲ್ಲಿ ಒಂದೂ ಏಳದೆ ಅವರು ನೇರ ಸಾಹಿತ್ಯಕ್ಕೆ ಕೈಹಾಕುತ್ತಾರೆ. ಸಾಹಿತ್ಯ ಮುಗಿದ ಮೇಲೆ ನಾಲಗೆಗೆ ಮೊದಲು ಬಂದ ಸಿನಿಮಾ ಧಾಟಿ ಅದಕ್ಕೆ ಅಂಟಿಕೊಳ್ಳುತ್ತದೆ.

ಇನ್ನೂ ದೊಡ್ಡ ತೊಂದರೆ ಬೇರೆಯದೇ ಇದೆ. ಮೂರು ವರ್ಷದ ಹಿಂದೆ ಕಟ್ಟಿ ಫೋನಿನಲ್ಲಿ ಇಟ್ಟುಕೊಂಡ ಹಾಡು ‘ತಾಯಿ’ಗೂ ಸಲ್ಲುತ್ತದೆ, ‘ನಾಡು-ನುಡಿ’ಗೂ ಸಲ್ಲುತ್ತದೆ, ಒಂದು ಸಾಲು ತಿದ್ದಿದರೆ ‘ಪರಿಸರ’ಕ್ಕೂ ಸಲ್ಲುತ್ತದೆ. ಸ್ಪರ್ಧೆಗೆಂದು ಹೊಸದಾಗಿ ಏನೂ ಹುಟ್ಟುವುದಿಲ್ಲ. ಈಗಂತೂ ನಾಲ್ಕು ಪದ ಟೈಪ್ ಮಾಡಿದರೆ ಇಡೀ ಹಾಡನ್ನೇ ಉತ್ಪಾದಿಸಿ ಕೊಡುವ ಆ್ಯಪ್‌ಗಳಿವೆ. ಅಗಲವಾದ ವಿಷಯ ಕೊಟ್ಟಷ್ಟೂ ಅವುಗಳ ಕೆಲಸ ಸುಲಭವಾಗುತ್ತದೆ.

ಸಿರುಗುಪ್ಪ, ಕುರುಗೋಡು, ಬಳ್ಳಾರಿ ಕಡೆಯ ಗೆಳೆಯರ ಬಳಗಗಳು, ಕಾಲೇಜು ಸಂಘಗಳು, ಭಜನಾ ಮಂಡಳಿಗಳು ಇಂಥ ಸ್ಪರ್ಧೆ ನಡೆಸುವುದಾದರೆ ವಿಷಯ ಹೇಗೆ ಆರಿಸಬೇಕು ಎಂಬುದಕ್ಕೆ ಈ ಲೇಖನ. ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ: ವಿಷಯ ಕಿವಿಗೆ ಸಿಗುವಂತಿರಬೇಕು. ಓದಿದ ಕೂಡಲೇ ಒಂದು ಸದ್ದೋ ಒಂದು ನಡೆಯೋ ಒಂದು ಅಡ್ಡಿಯೋ ಎದುರಿಗೆ ನಿಲ್ಲಬೇಕು.

ಅವಧಾನದಿಂದ ಕಲಿಯುವುದು

ವಿಷಯ ಕೊಡುವ ಕಲೆ ನಮ್ಮಲ್ಲೇ ಪಳಗಿದೆ. ಅಷ್ಟಾವಧಾನದ ವೇದಿಕೆಯಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಒಬ್ಬ ಕವಿಗೆ ಒಡ್ಡುವುದೆಲ್ಲ ವಿಷಯಗಳನ್ನೇ. ಒಬ್ಬರು ಪದ್ಯದ ಕೊನೆಯ ಸಾಲನ್ನು ಕೊಡುತ್ತಾರೆ, ಅದೂ ಅರ್ಥಕ್ಕೆ ಎಟುಕದಂಥದ್ದನ್ನು; ಉಳಿದ ಸಾಲು ಕಟ್ಟಿ ಅದನ್ನು ಸರಿಹೊಂದಿಸುವುದು ಸಮಸ್ಯಾಪೂರಣ. ಇನ್ನೊಬ್ಬರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು ಅವೆಲ್ಲ ಒಂದೇ ಪದ್ಯದಲ್ಲಿ ಬರಬೇಕು ಎನ್ನುತ್ತಾರೆ, ಅದು ದತ್ತಪದಿ. ಮತ್ತೊಬ್ಬರು ಪ್ರತಿ ಹೆಜ್ಜೆಗೂ ಒಂದೊಂದು ಅಕ್ಷರವನ್ನು ತಡೆಯುತ್ತಾರೆ, ಅದು ನಿಷೇಧಾಕ್ಷರಿ. ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲೇ ಶತಾವಧಾನ ನಡೆಸಿದಾಗ ಈ ಕಲೆಗೆ ಮತ್ತೆ ಹೊಸ ಕೇಳುಗರು ಸಿಕ್ಕರು. ‘ಪದ್ಯಪಾನ’ ಜಾಲತಾಣದಲ್ಲಿ ಸಮಸ್ಯೆ, ದತ್ತಪದಿ, ಚಿತ್ರಗಳನ್ನು ಮುಂದಿಟ್ಟುಕೊಂಡು ಛಂದೋಬದ್ಧ ಪದ್ಯ ಬರೆದವರು ಈ ವೇದಿಕೆಯ ಆಟವನ್ನು ಅಂತರ್ಜಾಲಕ್ಕೂ ತಂದರು. ಬಳ್ಳಾರಿಗೆ ಇದು ದೂರದ ಸಂಗತಿಯಲ್ಲ. ಗಡಿಯಾಚೆಯ ತೆಲುಗಿನಲ್ಲಿ ಅವಧಾನ ಇನ್ನೂ ಗಟ್ಟಿಯಾಗಿ ಬೇರೂರಿದೆ, ಎರಡೂ ನುಡಿ ಬಲ್ಲವರು ಇಲ್ಲಿ ಬೇಕಾದಷ್ಟು ಜನ.

ಸಮಸ್ಯೆ, ದತ್ತಪದಿ, ನಿಷೇಧ ಈ ಮೂರನ್ನೂ ಸಂಗೀತಕ್ಕೆ ಒಗ್ಗಿಸಿ ನೋಡಿ.

ಸಮಸ್ಯೆಯ ಮಾದರಿಯಲ್ಲಿ ಆಯೋಜಕರೇ ಎಂಟು ಮಾತ್ರೆಯ ಒಂದು ತುಣುಕನ್ನು ಹಾರ್ಮೋನಿಯಂನಲ್ಲಿ ನುಡಿಸಿ ಕಳಿಸುತ್ತಾರೆ. ಹಾಡು ಎಲ್ಲಿಂದಲಾದರೂ ಹೊರಡಲಿ, ಕೊನೆಗೆ ಆ ತುಣುಕಿಗೆ ಬಂದು ಮುಟ್ಟಬೇಕು. ತುಣುಕು ಷಡ್ಜದಲ್ಲಿ ಮುಗಿದರೆ ಸವಾಲಿಲ್ಲ. ನಿಷಾದದ ಮೇಲೆ, ಇನ್ನೂ ಏನೋ ಬಾಕಿ ಇದೆ ಎನ್ನಿಸುವಂತೆ ನಿಂತರೆ ಆಗ ರಚನಕಾರರು ಯೋಚಿಸಲೇಬೇಕು: ಆ ನಿಷಾದವೇ ಮನೆ ಎನ್ನಿಸುವಂತೆ ಹಾಡನ್ನು ಹೇಗೆ ತಿರುಗಿಸುವುದು? ಒಬ್ಬರು ಶ್ರುತಿಯನ್ನೇ ಜಾರಿಸುತ್ತಾರೆ. ಇನ್ನೊಬ್ಬರು ಇಡೀ ಹಾಡನ್ನು ಪ್ರಶ್ನೆಯಾಗಿ ಕಟ್ಟಿ, ಪ್ರಶ್ನೆಯಾಗಿಯೇ ಮುಗಿಸುತ್ತಾರೆ. ಹತ್ತು ಮಂದಿ ಹತ್ತು ದಾರಿ ಹಿಡಿದರೂ ಕೊನೆಗೆ ಎಲ್ಲರೂ ಒಂದೇ ಬಾಗಿಲಲ್ಲಿ ನಿಲ್ಲುವುದರಿಂದ ಕೇಳುವವರಿಗೆ ಹೋಲಿಸಿ ನೋಡುವ ಸುಖ ಸಿಗುತ್ತದೆ.

ದತ್ತಪದಿಯ ಮಾದರಿಯಲ್ಲಿ ನಾಲ್ಕು ಪದದ ಬದಲು ನಾಲ್ಕು ಸದ್ದು. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಓಡುವ ಹೊಲಿಗೆ ಯಂತ್ರ, ಸಿರುಗುಪ್ಪದ ಅಕ್ಕಿ ಗಿರಣಿ, ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಗಂಟೆ, ಕೆಂಚನಗುಡ್ಡದ ದಂಡೆಯಲ್ಲಿ ತುಂಗಭದ್ರೆಯ ನೀರು. ಒಂದೊಂದನ್ನೂ ಇಪ್ಪತ್ತು ಸೆಕೆಂಡ್ ರೆಕಾರ್ಡ್ ಮಾಡಿ ಎಲ್ಲ ಸ್ಪರ್ಧಿಗಳಿಗೂ ಕೊಟ್ಟುಬಿಡಿ. ನಾಲ್ಕೂ ಹಾಡಿನೊಳಗೆ ಗುರುತು ಸಿಗುವಂತೆ ಬರಬೇಕು, ಅಷ್ಟೇ ನಿಯಮ. ಈ ಊರುಗಳನ್ನು ಕಾಣದವರೂ, ಬೆಂಗಳೂರು ಹೈದರಾಬಾದಿನ ಕೋಣೆಯಲ್ಲಿ ಕೂತವರೂ ಇಲ್ಲಿಯ ಸದ್ದನ್ನು ಹಲವು ಸಲ ಕೇಳದೆ ವಿಧಿಯಿಲ್ಲ. ಹಾಡು ಕಟ್ಟುವುದಕ್ಕಿಂತ ಮೊದಲು ಕೇಳುವ ಕೆಲಸ ಆಗುತ್ತದಲ್ಲ, ನನಗೆ ಅದೇ ದೊಡ್ಡ ಲಾಭ.

ಈ ದಾರಿ ಫಲ ಕೊಡುತ್ತದೆ ಎಂಬುದಕ್ಕೆ ಹೊರಗಿನ ಸಾಕ್ಷಿಯೂ ಇದೆ. ಅಮೆರಿಕದ ಮಾರ್ಕ್ ವೈಡನ್‌ಬಾಮ್ 2012ರ ಜನವರಿಯಲ್ಲಿ ‘ಡಿಸ್‌ಕ್ವಯಟ್ ಜಂಟೊ’ ಎಂಬ ವಾರದ ಸಂಗೀತ ರಚನಾಕೂಟ ಶುರುಮಾಡಿದರು. ಮೊದಲ ವಾರದ ವಿಷಯ ತೀರ ಸರಳವಾಗಿತ್ತು: ಲೋಟದಲ್ಲಿ ಮಂಜುಗಡ್ಡೆ ಅಲುಗಾಡುವ ಸದ್ದು ಹಿಡಿದು ಅದರಿಂದ ಏನಾದರೂ ಕಟ್ಟಿ. ಪ್ರತಿ ಗುರುವಾರ ವಿಷಯ ಹೊರಬೀಳುತ್ತದೆ, ಸೋಮವಾರ ರಾತ್ರಿಗೆ ಗಡುವು. ಬಹುಮಾನವಿಲ್ಲ. ಆದರೂ ವರ್ಷಗಳ ಕಾಲ, ನೂರಾರು ವಾರ ಅದು ನಡೆದುಕೊಂಡು ಬಂದಿದೆ. ‘ಸಾಂಗ್ ಫೈಟ್’ ಎಂಬ ಇನ್ನೊಂದು ಹಳೆಯ ಕೂಟದಲ್ಲಿ ಹಾಡಿನ ಶೀರ್ಷಿಕೆಯನ್ನು ಮಾತ್ರ ಕೊಡುತ್ತಾರೆ, ಅದೇ ಹೆಸರಿನ ಹಾಡುಗಳು ಒಂದರೊಡನೊಂದು ಸೆಣಸುತ್ತವೆ. ಮಾತಿನಲ್ಲಿ ಪಳಗಿದವರಿಗೆ ಶೀರ್ಷಿಕೆ ಅನುಕೂಲ. ತಬಲಾ ನುಡಿಸುವವರನ್ನೂ ಲ್ಯಾಪ್‌ಟಾಪಿನಲ್ಲಿ ಬೀಟ್ ಕಟ್ಟುವವರನ್ನೂ ಒಟ್ಟಿಗೆ ಕರೆಯಬೇಕಾದರೆ ಸದ್ದಿನ ದಾರಿಯೇ ಮೇಲು ಎಂದು ನನ್ನ ಎಣಿಕೆ.

ಐದು ಕಪ್ಪು ಮನೆಗಳು

ಮೂರನೆಯದು ನಿಷೇಧಾಕ್ಷರಿಯ ಮಾದರಿ. ನಿಷೇಧದ ವಿಷಯಗಳನ್ನು ಜನ ಅನುಮಾನದಿಂದ ನೋಡುತ್ತಾರೆ. ‘ಕಲಿತವರಿಗೆ ಮಾತ್ರ ಇದು’ ಎಂದುಕೊಳ್ಳುತ್ತಾರೆ. ನಿಜಕ್ಕೂ ಕಲಿಯದವರಿಗೆ ಹೆಚ್ಚು ನೆರವಾಗುವುದು ಇದೇ.

ಕೀಬೋರ್ಡಿನಲ್ಲಿ ಕಪ್ಪು ಮನೆಗಳನ್ನು ಮಾತ್ರ ಮುಟ್ಟಬೇಕು ಎಂಬುದೊಂದು ವಿಷಯ. ಒಂದು ಸ್ಥಾಯಿಯಲ್ಲಿ ಅವು ಇರುವುದು ಐದು. ಎರಡು ಅಕ್ಕಪಕ್ಕ, ಮೂರು ಅಕ್ಕಪಕ್ಕ ಇರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜ ಮಾಡಿಕೊಂಡರೆ ಮೋಹನ, ಹಿಂದೂಸ್ತಾನಿಯವರ ಭೂಪ. ಅದರ ಮುಂದಿನದರಿಂದ ಹೊರಟರೆ ಮಧ್ಯಮಾವತಿ. ಮೂರನೆಯದರಿಂದ ಹಿಂದೋಳ, ಅವರ ಮಾಲಕೌಂಸ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಅವರ ದುರ್ಗಾ. ಕೊನೆಯದರಿಂದ ಶುದ್ಧ ಧನ್ಯಾಸಿ, ಅವರ ಧಾನಿ. ಮನೆಗಳು ಅವೇ ಐದು, ಷಡ್ಜ ಎಲ್ಲಿ ಇಟ್ಟಿರಿ ಎಂಬುದರ ಮೇಲೆ ಐದು ಲೋಕ ತೆರೆಯುತ್ತದೆ. ಗ್ರಹಭೇದ ಎಂದು ಪಾಠದಲ್ಲಿ ಕಲಿಸುವುದು ಇದನ್ನೇ. ರಾಗದ ಹೆಸರೇ ಕೇಳದ ಹುಡುಗಿ ಆಟಿಕೆಯಂಥ ಕೀಬೋರ್ಡಿನಲ್ಲಿ ಅಪಸ್ವರದ ಭಯವಿಲ್ಲದೆ ಬೆರಳಾಡಿಸಬಹುದು. ಹತ್ತು ವರ್ಷ ಕಲಿತವರು ಒಂದೇ ಹಾಡಿನಲ್ಲಿ ಮೋಹನದಿಂದ ಹಿಂದೋಳಕ್ಕೆ ದಾಟಿ ಬೆರಗು ಹುಟ್ಟಿಸಬಹುದು. ಒಂದೇ ವಿಷಯ ಇಬ್ಬರಿಗೂ ಅವರವರ ಎತ್ತರದಲ್ಲಿ ಕೆಲಸ ಕೊಟ್ಟಿತು. ಮೊದಲ ಸಲ ಸ್ಪರ್ಧೆ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಹೊಳೆಯುತ್ತಿಲ್ಲ.

‘ತಾಳವಾದ್ಯ ಬೇಡ, ಆದರೆ ಕಾಲು ತಾಳ ಹಾಕುವಂತಿರಲಿ’ ಎನ್ನುವುದೂ ಇದೇ ಜಾತಿಯದು. ಡ್ರಮ್‌ನ ಸಿದ್ಧ ಲೂಪ್ ಹಾಕಿ ಮೇಲೆ ಹಾಡುವ ಚಾಳಿಗೆ ಇದರಿಂದ ಕಡಿವಾಣ ಬೀಳುತ್ತದೆ. ಆದರೆ ಹಲಗೆ, ಡೊಳ್ಳು, ತಬಲಾ ಬಿಟ್ಟರೆ ಬೇರೆ ವಾದ್ಯವಿಲ್ಲದವರನ್ನು ಹೊರಗೆ ನಿಲ್ಲಿಸಿದ ಹಾಗಾಗುತ್ತದೆ. ಆದ್ದರಿಂದ ಮೊದಲ ಸುತ್ತಿಗೆ ಬೇಡ.

ಈ ನೆಲದ ನಡೆ, ಈ ನೆಲದ ಕಲ್ಲು

ಸ್ಥಳದ ವಿಷಯ ಕೊಡುವಾಗ ‘ಹಂಪಿಯ ವೈಭವ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅದರ ಬದಲು ಹಂಪಿಯಲ್ಲಿದ್ದ ಕವಿ ಹರಿಹರನನ್ನು ನೆನೆಯಿರಿ. ವಿರೂಪಾಕ್ಷನ ಆ ಭಕ್ತ ಶರಣರ ಕಥೆಗಳನ್ನು ಹೇಳಲು ಹಿಡಿದದ್ದು ರಗಳೆಯನ್ನು. ಉತ್ಸಾಹ ರಗಳೆಯದು ಮೂರು ಮಾತ್ರೆಯ ಗಣ, ಮಂದಾನಿಲದ್ದು ನಾಲ್ಕು, ಲಲಿತದ್ದು ಐದು. ಮೂರನ್ನು ದಾದ್ರಾದಲ್ಲಿ ಕೂರಿಸಬಹುದು, ನಾಲ್ಕನ್ನು ಕೆಹರವಾದಲ್ಲಿ, ಐದನ್ನು ಝಪತಾಳ ಅಥವಾ ಖಂಡಛಾಪುವಿನಲ್ಲಿ. ಇನ್ನೊಂದು ನಡೆ ನದಿಯ ಬಳಿಯದು: ಕೆಂಚನಗುಡ್ಡದ ಎದುರು ದಂಡೆ ರಾಯಚೂರು ಜಿಲ್ಲೆ. ಆ ಜಿಲ್ಲೆಯ ಮಾನವಿಯ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಅದರ ನಡೆ ಮೂರು-ನಾಲ್ಕು, ಮೂರು-ನಾಲ್ಕು. ಮಿಶ್ರಛಾಪು ಹಾಕಿದರೂ ಸರಿ, ದೀಪಚಂದಿ ಹಾಕಿದರೂ ಸರಿ, ಬಾಯಲ್ಲಿ ‘ತಕಿಟ ತಕಧಿಮಿ’ ಎಂದುಕೊಂಡರೂ ಸರಿ. ಕೆಂಚನಗುಡ್ಡದಲ್ಲಿ ನದಿಯ ದಂಡೆಗೆ ಮಾಧ್ವ ಯತಿ ವಸುಧೇಂದ್ರ ತೀರ್ಥರ ಬೃಂದಾವನವಿದೆ. ಹರಿದಾಸರ ಸಾಹಿತ್ಯ ಬಾಯಿಪಾಠ ಇರುವ ಮನೆಗಳು ನದಿಯ ಎರಡೂ ದಂಡೆಯಲ್ಲಿ ಇಂದಿಗೂ ಇವೆ.

‘ಭಾಮಿನಿಯ ನಡೆಯಲ್ಲಿ ಹೊಸ ಹಾಡು’ ಎಂಬ ವಿಷಯಕ್ಕೆ ಭಕ್ತಿಯ ಕಟ್ಟಳೆ ಹಾಕಬೇಡಿ. ಪ್ರೇಮವೋ ಬಸ್‌ಸ್ಟ್ಯಾಂಡೋ ಕ್ರಿಕೆಟ್ಟೋ ಏನಾದರೂ ಇರಲಿ, ನಡೆ ಮಾತ್ರ ಏಳರದು. ನಾಲ್ಕು ಮಾತ್ರೆಯ ಬೀಟ್‌ಗೆ ಒಗ್ಗಿಹೋದ ರ‍್ಯಾಪ್ ಹುಡುಗರಿಗೆ ಇದು ಮೊದಲು ಎಡವಿಸುತ್ತದೆ. ಒಮ್ಮೆ ಹಿಡಿತಕ್ಕೆ ಸಿಕ್ಕಿತೆಂದರೆ ಬಿಡುವುದಿಲ್ಲ, ಏಕೆಂದರೆ ಕನ್ನಡದ ಪದಗಳೇ ಈ ನಡೆಗೆ ತಾವಾಗಿ ಬಂದು ಕೂರುತ್ತವೆ. ಶತಮಾನಗಳ ಕಾಲ ಗಮಕಿಗಳು ಕುಮಾರವ್ಯಾಸನನ್ನು ಹಾಡಿದ್ದು ಇದೇ ನಡೆಯಲ್ಲಿ.

ಬಳ್ಳಾರಿಯ ಪಕ್ಕದ ಸಂಗನಕಲ್ಲು-ಕಪ್ಪಗಲ್ಲಿನ ಗುಡ್ಡಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಂಗೀತದ ಮಾತಾಡುವವರು ಇದನ್ನು ಮರೆತೇಬಿಟ್ಟಿದ್ದಾರೆ. ಅಲ್ಲಿಯ ಹಿರೇಗುಡ್ಡದಲ್ಲಿ ಕರಿಯ ಡಾಲರೈಟ್ ಬಂಡೆಗಳ ಸಾಲಿದೆ. ನವಶಿಲಾಯುಗದ ದನಗಾಹಿಗಳು ಅವುಗಳ ಮೇಲೆ ಎತ್ತು, ಮನುಷ್ಯರ ಆಕೃತಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳಲ್ಲಿ ಚಿತ್ರವಿಲ್ಲ, ಬದಲಿಗೆ ಮತ್ತೆಮತ್ತೆ ಹೊಡೆದು ಸವೆದ ಕುಳಿಗಳಿವೆ. ಕಲ್ಲಿನಿಂದ ತಟ್ಟಿದರೆ ಆ ಬಂಡೆಗಳು ಗಂಟೆಯಂತೆ ಅನುರಣಿಸುತ್ತವೆ. ಈ ಗುಡ್ಡದ ಚಿತ್ರಗಳ ಬಗ್ಗೆ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ 1892ರಲ್ಲೇ ಬರೆದಿದ್ದರು. ಪುರಾತತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಆ ಚಿತ್ರಗಳನ್ನೂ ನುಡಿಯುವ ಕಲ್ಲುಗಳನ್ನೂ ಕೂಡಿಸಿ ಓದಿದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು. ಸಾವಿರಾರು ವರ್ಷದ ಹಿಂದೆ ನಮ್ಮ ಈ ಬಯಲಿನಲ್ಲಿ ಯಾರೋ ಕಲ್ಲಿನಿಂದ ನಾದ ಎಬ್ಬಿಸುತ್ತಿದ್ದರು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇದನ್ನು ವಿಷಯವಾಗಿ ಕೊಡುವಾಗ ಎಚ್ಚರ ಬೇಕು. ‘ಕಪ್ಪಗಲ್ಲಿನ ಬಂಡೆಯ ಸದ್ದು ಬಳಸಿ’ ಎಂದರೆ ನಾಳೆಯೇ ನಾಲ್ಕು ಬೈಕ್ ಗುಡ್ಡ ಹತ್ತುತ್ತವೆ, ಉಳಿದಿರುವ ಕುಳಿಗಳ ಮೇಲೆ ಹೊಸ ಏಟು ಬೀಳುತ್ತದೆ. ಕಲ್ಲುಗಣಿಗಾರಿಕೆಯಿಂದ ಆ ಗುಡ್ಡಗಳು ಈಗಾಗಲೇ ಸಾಕಷ್ಟು ಪೆಟ್ಟು ತಿಂದಿವೆ. ‘ಮನೆಯಲ್ಲಿರುವ ಕಲ್ಲುಗಳಿಂದಲೇ, ಒರಳು, ಗುಂಡುಕಲ್ಲು, ಬೀಸುವ ಕಲ್ಲು, ಹೊಳೆಯ ಬೆಣಚು ಇವುಗಳಿಂದಲೇ ಇಡೀ ರಚನೆ’ ಎಂದು ಬರೆಯಿರಿ. ಗುಡ್ಡದ ಕಥೆಯನ್ನು ಹಿನ್ನೆಲೆಯಾಗಿ ಎರಡು ಸಾಲಿನಲ್ಲಿ ಹೇಳಿ, ಹಳೆಯ ಬಂಡೆಗಳನ್ನು ಮುಟ್ಟಿ ತಂದ ಸದ್ದನ್ನು ಸ್ವೀಕರಿಸುವುದಿಲ್ಲ ಎಂದು ಸ್ಪಷ್ಟವಾಗಿ ಸೇರಿಸಿ. ಯಾವ ವಿಷಯವೇ ಆಗಲಿ, ಸ್ಪರ್ಧಿಯನ್ನು ಎಲ್ಲಿಗೆ ಓಡಿಸುತ್ತದೆ, ಅಲ್ಲಿ ಏನು ಕೆಡುತ್ತದೆ ಎಂದು ಮುಂಚೆಯೇ ಯೋಚಿಸಬೇಕಾದದ್ದು ಆಯೋಜಕರ ಹೊಣೆ. ನದಿಯ ಸದ್ದು ಬೇಕೆಂದಾಗಲೂ ಅಷ್ಟೇ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ಯಾರೂ ಫೋನ್ ಹಿಡಿದು ದಂಡೆಗೆ ಇಳಿಯಬಾರದು.

ಹಾಡುವ ಕ್ರಮವನ್ನೇ ವಿಷಯ ಮಾಡಬಹುದು. ದರೋಜಿಯ ಬುರ‍್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದೆ ಇಡೀ ಕಾವ್ಯಗಳನ್ನೇ ನಾಲಗೆಯ ಮೇಲೆ ಇಟ್ಟುಕೊಂಡಿದ್ದವರು ಅವರು. ಬುರ‍್ರಕಥೆಯಲ್ಲಿ ಮುಂದೊಬ್ಬರು ಕಥೆ ನಡೆಸುತ್ತಾರೆ, ಪಕ್ಕದವರು ಸೊಲ್ಲು ಹಿಡಿದು, ಹೂಂಗುಟ್ಟಿ, ನಡುವೆ ಪ್ರಶ್ನೆ ಹಾಕಿ, ತಾಳ ಹಾಕಿ ಎತ್ತಿಕೊಡುತ್ತಾರೆ. ‘ಮುಂದೊಬ್ಬರು, ಪಕ್ಕದಲ್ಲಿಬ್ಬರು’ ಎಂಬ ವಿಷಯ ಕೊಟ್ಟು ಮೂರು ದನಿ ಕಡ್ಡಾಯ ಮಾಡಿ. ಮೂವರು ಮೂರು ಊರಿನಲ್ಲಿದ್ದರೂ ಸರಿ, ದನಿ ಕಳಿಸಿ ಜೋಡಿಸಲಿ. ಆನ್‌ಲೈನ್ ಎಂಬುದಕ್ಕೆ ಆಗಲೇ ಅರ್ಥ. ಒಬ್ಬರೇ ಮೂರು ದನಿ ತೆಗೆಯುವುದಾದರೆ ಅದೂ ನಡೆಯುತ್ತದೆ.

ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ಅಪಘಾತದಲ್ಲಿ ತೀರಿಹೋದರು. ತೊಗಲುಗೊಂಬೆಯಾಟಕ್ಕೆ ದೇಶವಿದೇಶದಲ್ಲಿ ಹೆಸರು ತಂದವರು. ಪರದೆಯ ಹಿಂದಿನ ಗೊಂಬೆಗೆ ನಡೆ, ಕೋಪ, ಅಳು ಎಲ್ಲವನ್ನೂ ಕೊಡುವುದು ಹಾಡು ಮತ್ತು ಮದ್ದಳೆ. ಕಲಾವಿದರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಎರಡು ನಿಮಿಷದ ಮೂಕ ಗೊಂಬೆಯಾಟವನ್ನು ಚಿತ್ರೀಕರಿಸಿ ಎಲ್ಲರಿಗೂ ಕಳಿಸಿದರೆ ಅದು ಅವಧಾನದ ‘ಚಿತ್ರಕ್ಕೆ ಪದ್ಯ’ವೇ ಸರಿ. ಖರ್ಚಿದೆ, ಸಿದ್ಧತೆಯಿದೆ. ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಮತ್ತೊಂದು ವಿಷಯ ಬರೀ ಒಂದು ಅಂಕಿ: 19. ಈ ಭಾಗದಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ನೀರು ಹರಿದುಹೋಗುವುದನ್ನು ನೋಡುತ್ತ, ತಾತ್ಕಾಲಿಕ ಗೇಟು ಕೂರುವವರೆಗೆ ಭತ್ತದ ಸೀಮೆಯ ರೈತರು ಉಸಿರು ಬಿಗಿಹಿಡಿದಿದ್ದರು. ಹತ್ತೊಂಬತ್ತು ಮಾತ್ರೆಯ ಆವರ್ತ ಕಟ್ಟಿ ಎಂದು ವಿಷಯ ಕೊಡಿ. ಏಳು, ಏಳು, ಐದು ಎಂದು ಒಡೆಯಬಹುದು; ಹತ್ತು, ಒಂಬತ್ತು ಎಂದೂ ಒಡೆಯಬಹುದು. ಊರಿನವರ ಹಾಡಿನಲ್ಲಿ ಆ ರಾತ್ರಿ ಬರುತ್ತದೆ, ಹೊರಗಿನವರಿಗೆ ಅದು ಲಯದ ಒಂದು ಕಠಿಣ ಲೆಕ್ಕ. ಎರಡೂ ಬಗೆಯವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಬಡಾಯಿಯ ಮಾತಿಲ್ಲದೆ, ಘೋಷಣೆಯಿಲ್ಲದೆ ಒಂದು ಊರಿನ ಸಂಕಟ ಸಂಗೀತಕ್ಕೆ ಇಳಿಯಲು ಇಂಥ ಕಿರಿದಾದ ದಾರಿಯೇ ಬೇಕು.

ಬೇಡವೆನ್ನುವ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಮೊಹರಂ ಸಮಯದಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳ ಧಾಟಿ ಬಹಳ ಚೆಂದ, ಅದಕ್ಕೆ ಬೀಟ್ ಸೇರಿಸುವ ಆಸೆ ಯಾರಿಗೂ ಹುಟ್ಟುವಂಥದ್ದು. ಅದು ಶೋಕದ ಹಾಡು. ಹಾಡುವವರನ್ನು ಕೇಳದೆ, ಅವರು ಒಪ್ಪದೆ ಅದನ್ನು ಸ್ಪರ್ಧೆಯ ವಸ್ತು ಮಾಡಬಾರದು.

ವಿಷಯವನ್ನು ಬರೆಯುವ ಬಗೆ

ಒಳ್ಳೆಯ ವಿಷಯವೂ ಬರೆದ ರೀತಿಯಿಂದ ಕೆಡಬಹುದು. ಒಂದೇ ಸಾಲು ಕೊಟ್ಟರೆ ಫೋನ್ ಮಾಡಿ ಕೇಳುವವರ ಸಾಲು ಬೆಳೆಯುತ್ತದೆ, ಇಡೀ ಪುಟ ಬರೆದರೆ ಯಾರೂ ಓದುವುದಿಲ್ಲ. ಕಡ್ಡಾಯ ಯಾವುದು, ಸ್ವತಂತ್ರ ಯಾವುದು, ಎಷ್ಟು ಉದ್ದ, ತೀರ್ಪುಗಾರರು ಏನನ್ನು ಆಲಿಸುತ್ತಾರೆ, ಈ ನಾಲ್ಕಕ್ಕೆ ಉತ್ತರ ಇದ್ದರೆ ಸಾಕು. ಹೀಗೆ ಬರೆಯಬಹುದು:

‘ವಿಷಯ: ಐದೇ ಸ್ವರ. ಕೀಬೋರ್ಡಿನ ಐದು ಕಪ್ಪು ಮನೆಗಳಲ್ಲಿ ಸಿಗುವ ಸ್ವರಗಳನ್ನು ಮಾತ್ರ ಬಳಸಿ. ಅವೇ ಅಂತರಗಳನ್ನು ಇಟ್ಟುಕೊಂಡು ಯಾವ ಶ್ರುತಿಯಲ್ಲಾದರೂ, ಯಾವ ವಾದ್ಯದಲ್ಲಾದರೂ, ಕಂಠದಲ್ಲಾದರೂ ಕಟ್ಟಬಹುದು. ಸಾಹಿತ್ಯ ಇರಬಹುದು, ಇಲ್ಲದಿರಬಹುದು; ಇದ್ದರೆ ಯಾವ ಭಾಷೆಯಾದರೂ ಸರಿ. ಉದ್ದ ಮೂರು ನಿಮಿಷ ಮೀರಬಾರದು. ಅದೇ ಐದು ಸ್ವರದಿಂದ ಎಷ್ಟು ಬಗೆಯ ಭಾವ ಹುಟ್ಟಿಸಿದ್ದೀರಿ ಎಂಬುದನ್ನು ಆಲಿಸುತ್ತೇವೆ.’

ಭಾಷೆಯ ಸಾಲನ್ನು ನಾನು ಬೇಕೆಂದೇ ಸೇರಿಸಿದ್ದೇನೆ. 1953ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸಿನಲ್ಲಿತ್ತು. ಬಳ್ಳಾರಿ ರಾಘವ ಕನ್ನಡದಲ್ಲೂ ತೆಲುಗಿನಲ್ಲೂ ರಂಗ ಆಳಿದವರು. ಪೇಟೆಯಲ್ಲಿ ಉರ್ದು ಮನೆಮಾತಾದವರು ಎಷ್ಟೋ ಮಂದಿ. ವಿಷಯವನ್ನು ಚೆಂದದ ಕನ್ನಡದಲ್ಲಿ ಬರೆಯಿರಿ, ಹಾಡುವ ನಾಲಗೆಗೆ ಬೇಲಿ ಹಾಕಬೇಡಿ.

ಹಳೆಯ ಕವಿತೆಯೊಂದನ್ನು ಕೊಟ್ಟು ರಾಗ ಹಾಕಿಸುವುದಿದ್ದರೆ ಹಕ್ಕಿನ ಲೆಕ್ಕ ಮೊದಲು ನೋಡಿಕೊಳ್ಳಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಹೋದ ವರ್ಷದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡವರು. ಅವರ ಪದ್ಯಗಳಿಗೆ ಅಡ್ಡಿಯಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. ಬೇಂದ್ರೆಯವರದಕ್ಕೆ 2041ರ ಕೊನೆಯವರೆಗೆ, ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಅನುಮತಿ ಬೇಕು. ವಚನ, ದಾಸರ ಪದಗಳು ಎಲ್ಲರವು. ಒಂದೇ ಸಾಹಿತ್ಯಕ್ಕೆ ಹಲವರು ರಾಗ ಹಾಕಿದಾಗ ಏನೇನಾಗುತ್ತದೆ ಎಂಬುದನ್ನು ನಾಡಗೀತೆಯ ವಿಚಾರದಲ್ಲಿ ನೋಡಿದ್ದೇವೆ. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡ್ ಎಂದು ಗೊತ್ತುಮಾಡಿತು. ಆ ಚರ್ಚೆ ಅಷ್ಟು ಕಾವೇರಿದ್ದೇ ಜನ ಧಾಟಿಯನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂಬುದಕ್ಕೆ ಗುರುತು.

ಪರೀಕ್ಷೆ, ಮತದಾನ, ಗಡುವು

ಪ್ರಕಟಿಸುವ ಮೊದಲು ವಿಷಯವನ್ನು ಮೂವರ ಕೈಗೆ ಕೊಟ್ಟು ನೋಡಿ: ಹಾರ್ಮೋನಿಯಂ ಹಿಡಿದು ಭಜನೆ ಹಾಡುವವರು ಒಬ್ಬರು, ಬ್ಯಾಂಡ್‌ಲ್ಯಾಬ್‌ನಂಥ ಉಚಿತ ಆ್ಯಪಿನಲ್ಲಿ ಬೀಟ್ ಕಟ್ಟುವ ವಿದ್ಯಾರ್ಥಿ ಒಬ್ಬರು, ಹಲಗೆಯನ್ನೋ ಡೊಳ್ಳನ್ನೋ ಮಾತ್ರ ಬಲ್ಲವರು ಒಬ್ಬರು. ಹತ್ತು ನಿಮಿಷದಲ್ಲಿ ಮೂವರೂ ಏನಾದರೂ ಶುರುಮಾಡಿದರೆ, ಮೂರೂ ಬೇರೆ ಬೇರೆಯಾಗಿದ್ದರೆ ವಿಷಯ ಗಟ್ಟಿ. ‘ಇದರರ್ಥ ಏನು?’ ಎಂದು ಇಬ್ಬರು ಕೇಳಿದರೆ ತಿದ್ದಿ. ಡೊಳ್ಳಿನವರಿಗೆ ಕೆಲಸವೇ ಸಿಗದಿದ್ದರೆ ಒಂದು ರಿಯಾಯಿತಿ ಸೇರಿಸಿ. ಐದು ಸ್ವರದ ವಿಷಯದಲ್ಲಿ ‘ಚರ್ಮವಾದ್ಯ ಮಾತ್ರ ಬಳಸುವವರು ಐದೇ ಬಗೆಯ ಏಟುಗಳಿಂದ ಕಟ್ಟಲಿ’ ಎಂದು ನಾನಾದರೆ ಸೇರಿಸುತ್ತೇನೆ. ಆಯೋಜಕರಲ್ಲಿ ಒಬ್ಬರಾದರೂ ತಾವೇ ಮೂವತ್ತು ಸೆಕೆಂಡ್ ಕಟ್ಟಿ ನೋಡಲೇಬೇಕು.

ವಿಷಯವನ್ನು ಜನರ ಮತಕ್ಕೆ ಬಿಡುವುದು ಆನ್‌ಲೈನಿನಲ್ಲಿ ರೂಢಿ. ನೇರ ಬಹುಮತಕ್ಕೆ ಬಿಟ್ಟರೆ ಮತ್ತೆ ‘ಪ್ರೀತಿ’ಯೇ ಗೆಲ್ಲುತ್ತದೆ, ಯಾರಿಗೂ ಬೇಡವೆನ್ನಿಸದ ವಿಷಯ ಅದು. ಎಲ್ಲರಿಂದ ಸಲಹೆ ಪಡೆಯಿರಿ, ಹತ್ತನ್ನು ಸೋಸಿ, ಒಂದೊಂದಕ್ಕೂ ‘ನಾನು ಇದರ ಮೇಲೆ ಕಟ್ಟುತ್ತೇನೆ’ ಅಥವಾ ‘ಕಟ್ಟುವುದಿಲ್ಲ’ ಎಂದು ಮಾತ್ರ ಹೇಳಿಸಿ. ಹೆಚ್ಚು ಮಂದಿ ‘ಕಟ್ಟುತ್ತೇನೆ’ ಎಂದ ಮೂರರಲ್ಲಿ ಒಂದನ್ನು ಆಯೋಜಕರು ಆರಿಸಿ ಗುಟ್ಟಾಗಿಟ್ಟು, ಸ್ಪರ್ಧೆ ಶುರುವಾದ ಗಳಿಗೆಯಲ್ಲೇ ತೆರೆಯಲಿ.

ದಿನ ಆರಿಸುವಾಗ ಭತ್ತದ ಸೀಮೆಯ ಪಂಚಾಂಗವನ್ನು ಮುಂದಿಟ್ಟುಕೊಳ್ಳಿ. ನಾಟಿಯ ದಿನಗಳು, ನವೆಂಬರ್-ಡಿಸೆಂಬರಿನ ಕೊಯ್ಲು, ಮಾರ್ಚಿನ ಪರೀಕ್ಷೆ ಬೇಡ. ಹತ್ತು ದಿನದ ಗಡುವು ಕೊಟ್ಟು ನಡುವೆ ಎರಡು ಭಾನುವಾರ ಬರುವಂತೆ ನೋಡಿಕೊಳ್ಳಿ. ಒಂದು ಗಂಟೆಯಲ್ಲಿ ಹಾಡು ಕಟ್ಟಿಸುವ ಕೂಟಗಳೂ ಜಗತ್ತಿನಲ್ಲಿವೆ, ಕರೆಂಟು ಕೈಕೊಡುವ ಊರುಗಳಿಗೆ ಅದು ನ್ಯಾಯವಲ್ಲ.

ಸದ್ದುಗಳನ್ನು ನೀವೇ ರೆಕಾರ್ಡ್ ಮಾಡಿ ಕೊಡುವುದಾದರೆ ಬೆಳಗಿನ ಹೊತ್ತು, ಗಾಳಿ ಇಲ್ಲದಾಗ ಮಾಡಿ. 44.1 ಕಿಲೋಹರ್ಟ್ಜ್‌ನ ವೇವ್ ಕಡತವಾಗಿ ಉಳಿಸಿ, ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಗಿರಣಿಯ ಮಾಲೀಕರು, ಗುಡಿಯವರು, ಹೊಲಿಗೆ ಘಟಕದ ಕೆಲಸಗಾರರು ಎಲ್ಲರಿಂದಲೂ ಒಪ್ಪಿಗೆ ಪಡೆದು, ಆ ಸದ್ದುಗಳನ್ನು ಯಾರು ಬೇಕಾದರೂ ಬಳಸಬಹುದು ಎಂದು ಬರೆದು ಪ್ರಕಟಿಸಿ.

ಯಂತ್ರ ಬರೆದ ಹಾಡುಗಳನ್ನು ಕಿವಿಯಿಂದ ಪತ್ತೆಹಚ್ಚುತ್ತೇವೆಂದು ನಂಬಿ ಕೂರಬೇಡಿ. ಪ್ರತಿ ರಚನೆಯ ಜೊತೆ ಮೊದಲ ಕರಡಿನ ರೆಕಾರ್ಡಿಂಗ್ ಒಂದನ್ನು, ಹೇಗೆ ಕಟ್ಟಿದೆವು ಎಂದು ಒಂದು ನಿಮಿಷ ಮಾತಾಡಿದ ಧ್ವನಿ ಟಿಪ್ಪಣಿಯನ್ನು ಕಡ್ಡಾಯ ಮಾಡಿ. ಆ ಟಿಪ್ಪಣಿಗಳನ್ನು ಕೇಳುವುದೇ ಎಷ್ಟೋ ಸಲ ಹಾಡಿಗಿಂತ ಹೆಚ್ಚು ಕಲಿಸುತ್ತದೆ.

ಅಂಕದಲ್ಲಿ ವಿಷಯಕ್ಕೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ಅದನ್ನು ಮೀರಿದರೆ ವಿಷಯವನ್ನು ಅಕ್ಷರಶಃ ಪಾಲಿಸಿದ ಹಾಡು ಗೆದ್ದು, ವಿಷಯದಿಂದ ಹೊರಟು ಎಲ್ಲಿಗೋ ತಲುಪಿದ ಹಾಡು ಸೋಲುತ್ತದೆ. ತೀರ್ಪುಗಾರರಿಗೆ ಹೆಸರು ಕೊಡಬೇಡಿ, ಅಂಕಿ ಹಚ್ಚಿದ ಕಡತ ಮಾತ್ರ ಕೊಡಿ.

ನನ್ನನ್ನು ಕೇಳಿದರೆ ಮೊದಲ ಸುತ್ತಿಗೆ ಐದು ಸ್ವರ, ಎರಡನೆಯದಕ್ಕೆ ನಾಲ್ಕು ಸದ್ದು, ಭಾಮಿನಿಯ ನಡೆ ಮೂರನೆಯದಕ್ಕೆ. ಹತ್ತೊಂಬತ್ತನ್ನು ಮಳೆಗಾಲಕ್ಕೆ, ಜಲಾಶಯ ತುಂಬುವ ದಿನಗಳಿಗೆ ಇಟ್ಟುಕೊಳ್ಳಿ. ಸೋಸಿದಾಗ ಕೆಳಗುಳಿದ ವಿಷಯಗಳನ್ನು, ಸೂಚಿಸಿದವರ ಹೆಸರಿನ ಸಮೇತ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ವರ್ಷ ಅವರಿಗೇ ಮೊದಲು ಫೋನ್ ಮಾಡಬೇಕಾಗುತ್ತದೆ.